ಮಾಳಿಗೆಯ ಬಿಸಿಲಿಗೂ ಒಂದು ಲೆಕ್ಕ ಬೇಕು

ಗದಗ ಸೀಮೆಯ ಊರುಗಳಲ್ಲಿ ಮಾಳಿಗೆಯ ಮೇಲೆ ಬೀಳುವ ಬಿಸಿಲು ಎಂದೂ ಬಿಟ್ಟಿ ಕುಳಿತದ್ದಲ್ಲ. ಮೆಣಸಿನಕಾಯಿ ಒಣಗಿಸುವುದು ಅದೇ, ಶೇಂಗಾ ಒಣಗಿಸುವುದು ಅದೇ, ಬ್ಯಾಸಗಿಯಲ್ಲಿ ಶಾವಿಗೆ, ಹಪ್ಪಳ, ಸಂಡಿಗೆಗಳಿಗೆ ಹದ ಕೊಡುವುದೂ ಅದೇ. ಈಗ ಅದಕ್ಕೆ ಇನ್ನೊಂದು ಕೆಲಸ ಸೇರಿದೆ. 2024ರ ಫೆಬ್ರುವರಿ 13ರಂದು ಕೇಂದ್ರ ಸರ್ಕಾರ 'ಪಿಎಂ ಸೂರ್ಯ ಘರ್' ಯೋಜನೆ ಶುರು ಮಾಡಿತು. ದೇಶದ ಒಂದು ಕೋಟಿ ಮನೆಗಳ ಮೇಲೆ ಸೌರ ಫಲಕ ಕೂರಿಸುವುದು ಅದರ ಗುರಿ, ₹75,021 ಕೋಟಿ ಅದರ ಒಟ್ಟು ವೆಚ್ಚ. ಅಲ್ಲಿಂದೀಚೆಗೆ ಗದಗ ತಾಲ್ಲೂಕಿನ ಹಿರೇಹಂದಿಗೋಳದಂಥ ಊರಿನ ಮನೆಯವರಿಗೂ ಮಾಳಿಗೆ ಒಂದು ಆಸ್ತಿಯಾಗಿ ಕಾಣತೊಡಗಿದೆ. 'ಕರೆಂಟ್ ಬಿಲ್ ಸೊನ್ನೆ, ಸಹಾಯಧನ ₹78,000' ಎಂಬ ಎರಡು ಮಾತು ಸಾಕು, ಯಾರಿಗಾದರೂ ಆಸೆ ಹುಟ್ಟುತ್ತದೆ. ಆಸೆ ತಪ್ಪಲ್ಲ. ಆದರೆ ಆ ಎರಡು ಮಾತುಗಳ ನಡುವೆ ಬರುವ ಹತ್ತಾರು ಸಂಗತಿಗಳನ್ನು ಮಾರುವವರು ಬಿಡಿಸಿ ಹೇಳುವುದು ಕಡಿಮೆ, ಕೊಳ್ಳುವವರು ಕೇಳುವುದು ಇನ್ನೂ ಕಡಿಮೆ.

ಸೌರ ಫಲಕವನ್ನು ನಾವು ಟಿವಿಯಂತೆ, ಫ್ರಿಜ್ಜಿನಂತೆ ಒಂದು ಸಾಮಾನು ಎಂದು ತಿಳಿದು ಕೊಳ್ಳುತ್ತಿದ್ದೇವೆ. ನಿಜದಲ್ಲಿ ಅದು ಮನೆಯ ಮೇಲೆ ಕಟ್ಟುವ ಕಟ್ಟಡ. ಇಪ್ಪತ್ತೈದು ವರ್ಷ ಗಾಳಿ, ಮಳೆ, ಬಿಸಿಲು ತಡೆದು ನಿಲ್ಲಬೇಕಾದದ್ದು. ಮನೆ ಕಟ್ಟುವಾಗ ನಾವು ಆಯ ನೋಡುತ್ತೇವೆ, ನೆಲ ನೋಡುತ್ತೇವೆ, ಗೌಂಡಿ ಹಿಂದೆ ಕಟ್ಟಿದ ಮನೆ ಹೇಗೆ ನಿಂತಿದೆ ಎಂದು ನೋಡಿಬರುತ್ತೇವೆ, ಉತಾರದಲ್ಲಿ ಹೆಸರು ಸರಿ ಇದೆಯೇ ಎಂದು ಪರೀಕ್ಷಿಸುತ್ತೇವೆ. ಫಲಕಕ್ಕೂ ಇಷ್ಟೇ ಎಚ್ಚರ ಬೇಕು. ಕೂರಿಸುವ ಕೆಲಸ ಎರಡು ಮೂರು ದಿನದ್ದು. ಅದು ಫಲಿಸುವುದೋ ಇಲ್ಲವೋ ಎಂಬುದು ಮಾತ್ರ ಅದಕ್ಕಿಂತ ಮುಂಚಿನ ಎರಡು ತಿಂಗಳ ವಿಚಾರಣೆಯಲ್ಲಿ ತೀರ್ಮಾನವಾಗಿರುತ್ತದೆ.

ಮೊದಲು ಉತ್ಪಾದನೆಯ ಮಾತು. ನಮ್ಮ ಬಯಲುಸೀಮೆಯಲ್ಲಿ ಒಂದು ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಮೂರು ಕಿಲೋವ್ಯಾಟ್ ಎಂದರೆ ತಿಂಗಳಿಗೆ 360 ಯೂನಿಟ್ ಆಸುಪಾಸು. ಈ ಸರಾಸರಿಯ ಒಳಗೆ ಏರಿಳಿತ ಬಹಳ. ಆಷಾಢ, ಶ್ರಾವಣದ ಮೋಡದ ದಿನಗಳಲ್ಲಿ ಉತ್ಪಾದನೆ ಅರ್ಧಕ್ಕೆ ಇಳಿಯುವುದುಂಟು. ಬೇಸಿಗೆಯಲ್ಲಿ ಬಿಸಿಲು ಹೆಚ್ಚು, ಆದ್ದರಿಂದ ವಿದ್ಯುತ್ತೂ ಅಷ್ಟೇ ಹೆಚ್ಚು ಎಂದುಕೊಳ್ಳುವುದೂ ಪೂರ್ತಿ ಸರಿಯಲ್ಲ. ಫಲಕಕ್ಕೆ ಬೇಕಾದದ್ದು ಬೆಳಕು, ಕಾವಲ್ಲ. ಅದರ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿ ತಾಪಮಾನದಲ್ಲಿ ಅಳೆದದ್ದು. ಏಪ್ರಿಲ್ ಮಧ್ಯಾಹ್ನ ಫಲಕದ ಮೈ 60 ಡಿಗ್ರಿ ದಾಟುತ್ತದೆ. ಒಂದೊಂದು ಡಿಗ್ರಿ ಏರಿದಂತೆ ಶೇ 0.3ರಿಂದ 0.4ರಷ್ಟು ಶಕ್ತಿ ಕಳೆಯುವುದರಿಂದ, ಬಿಸಿಲು ಕಡುವಾಗಿರುವ ಹೊತ್ತಿಗೇ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಸೋರಿಹೋಗಿರುತ್ತದೆ. ಆದ್ದರಿಂದ 'ದಿನಕ್ಕೆ ಐದಾರು ಯೂನಿಟ್ ಗ್ಯಾರಂಟಿ' ಎನ್ನುವವರನ್ನು ನಂಬಿ ಲೆಕ್ಕ ಹಾಕಬಾರದು. ನಾಲ್ಕು ಎಂದು ಹಿಡಿದರೆ ವರ್ಷದ ಕೊನೆಗೆ ಬೇಸರಪಡುವ ಪ್ರಸಂಗ ಬಾರದು.

ಈಗ ಹಣದ ಲೆಕ್ಕ. ಮೂರು ಕಿಲೋವ್ಯಾಟ್ ಘಟಕಕ್ಕೆ ಗುಣಮಟ್ಟ ನೋಡಿಕೊಂಡು ₹1.8 ಲಕ್ಷದಿಂದ ₹2.1 ಲಕ್ಷ ತಗಲುತ್ತದೆ. ಮೊದಲ ಎರಡು ಕಿಲೋವ್ಯಾಟಿಗೆ ತಲಾ ₹30,000, ಮೂರನೆಯದಕ್ಕೆ ₹18,000, ಒಟ್ಟು ₹78,000 ಸಹಾಯಧನ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಸಹಾಯಧನ ಅಲ್ಲಿಗೇ ನಿಲ್ಲುತ್ತದೆ. ಈ ಹಣ ಮುಂಗಡವಾಗಿ ಬರುವುದಿಲ್ಲ. ಘಟಕ ಚಾಲೂ ಆಗಿ, ಪರಿಶೀಲನೆ ಮುಗಿದ ಮೇಲೆ ಗ್ರಾಹಕರ ಖಾತೆಗೆ ಜಮೆಯಾಗುತ್ತದೆ. ಅಲ್ಲಿಯವರೆಗೆ ಪೂರ್ತಿ ಹಣ ಹೊಂದಿಸುವುದು ಮನೆಯವರ ಹೊಣೆ. ಕೊನೆಗೆ ಕೈಯಿಂದ ಬಿದ್ದದ್ದು ₹1.2 ಲಕ್ಷ ಎಂದುಕೊಳ್ಳೋಣ. ತಿಂಗಳಿಗೆ 300 ಯೂನಿಟ್ ಬಳಸುವ ಮನೆಗೆ ವಿದ್ಯುತ್ ದರ, ಸರ್‌ಚಾರ್ಜು, ಶೇ 9 ತೆರಿಗೆ ಎಲ್ಲ ಸೇರಿ ಯೂನಿಟ್ಟಿಗೆ ಆರೂವರೆ ರೂಪಾಯಿ ಆಸುಪಾಸು ಬೀಳುತ್ತದೆ. ತಿಂಗಳಿಗೆ ₹1,950 ಉಳಿದರೆ ವರ್ಷಕ್ಕೆ ₹23,400. ಐದು ವರ್ಷದ ಸುಮಾರಿಗೆ ಹಾಕಿದ ಹಣ ಮರಳಿತು, ಆಮೇಲಿನದು ಉಳಿತಾಯ. ಇಷ್ಟು ಒಳ್ಳೆಯ ಹೂಡಿಕೆ ಊರಿನಲ್ಲಿ ಬೇರೆ ಸಿಗುವುದು ಕಷ್ಟ. ಒಂದು ತಿದ್ದುಪಡಿ ಮಾತ್ರ ಬೇಕು: ಬಿಲ್ಲು ಪೂರ್ತಿ ಸೊನ್ನೆಯಾಗುವುದಿಲ್ಲ. ಮಂಜೂರಾದ ಲೋಡಿನ ಮೇಲೆ, ಕಿಲೋವ್ಯಾಟಿಗೆ ಇಷ್ಟೆಂದು ಬೀಳುವ ನಿಗದಿತ ಶುಲ್ಕ ಫಲಕ ಇದ್ದರೂ ಕಟ್ಟಬೇಕು. ಒಂದು ಕಿಲೋವ್ಯಾಟ್ ಮಂಜೂರಿ ಇದ್ದ ಮನೆ ಘಟಕಕ್ಕಾಗಿ ಅದನ್ನು ಮೂರಕ್ಕೆ ಏರಿಸಿದರೆ ಆ ಶುಲ್ಕವೂ ಮೂರು ಪಟ್ಟಾಗುತ್ತದೆ.

ಇಲ್ಲಿಗೇ ಒಂದು ದೊಡ್ಡ ಪ್ರಶ್ನೆ ಎದುರಾಗುತ್ತದೆ. ಹಳ್ಳಿಯ ಎಷ್ಟು ಮನೆ ತಿಂಗಳಿಗೆ 300 ಯೂನಿಟ್ ಬಳಸುತ್ತದೆ? ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಟಿವಿ, ಮಿಕ್ಸರು ಇರುವ ಮನೆ 60ರಿಂದ 100 ಯೂನಿಟ್ಟಿನಲ್ಲಿ ತಿಂಗಳು ಕಳೆಯುತ್ತದೆ. 2023ರ ಜುಲೈಯಿಂದ ಗೃಹಜ್ಯೋತಿ ಬಂದ ಮೇಲೆ ಅಂಥ ಮನೆಗೆ ಬಿಲ್ಲೇ ಇಲ್ಲ. 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ, ರಾಜ್ಯ ಸರ್ಕಾರವೇ ಕಟ್ಟುತ್ತದೆ. ಈಗಾಗಲೇ ಸೊನ್ನೆಯಾಗಿರುವ ಬಿಲ್ಲನ್ನು ಫಲಕ ಮತ್ತೆ ಸೊನ್ನೆ ಮಾಡಲಾರದು. 80 ಯೂನಿಟ್ ಬಳಸುವ ಮನೆ ಮೂರು ಕಿಲೋವ್ಯಾಟ್ ಕೂರಿಸಿತು ಎನ್ನಿ. ಉಳಿದ 280 ಯೂನಿಟ್ ಈ ಭಾಗದ ವಿದ್ಯುತ್ ಕಂಪನಿಯಾದ ಹೆಸ್ಕಾಂಗೆ ಹೋಗುತ್ತದೆ. ಸಹಾಯಧನ ಪಡೆದ ಮನೆಯಿಂದ ಅದನ್ನು ಕೊಳ್ಳುವ ದರ ನಾವು ಕೊಡುವ ದರದ ಹೆಚ್ಚೆಂದರೆ ಅರ್ಧದಷ್ಟು. ಉದಾರವಾಗಿ ಮೂರು ರೂಪಾಯಿ ಎಂದೇ ಹಿಡಿದರೂ ತಿಂಗಳಿಗೆ ₹840. ಒಂದು ಲಕ್ಷ ರೂಪಾಯಿ ಸಾಲಕ್ಕೆ, ಹತ್ತು ವರ್ಷದ ಅವಧಿಗೆ, ಈ ಯೋಜನೆಯ ಕಡಿಮೆ ಬಡ್ಡಿಯಲ್ಲೂ ತಿಂಗಳ ಕಂತು ₹1,150 ಆಸುಪಾಸು ಬರುತ್ತದೆ. ಕಂತಿಗೇ ಸಾಲದ ವರಮಾನ ಅದು. ಇಂಥ ಮನೆಯವರನ್ನು ಸಾಲ ಮಾಡಿಸಿ ಫಲಕ ಹಾಕಿಸಲು ಒತ್ತಾಯಿಸುವುದು ನ್ಯಾಯವಲ್ಲ. ಇದನ್ನು ಖಂಡಿತವಾಗಿ ಹೇಳಬೇಕು.

ಇದಕ್ಕೆ ಎದುರು ವಾದ ಇದೆ. ಗೃಹಜ್ಯೋತಿ ಇಂದು ಇದೆ, ನಾಳೆ ಇರುತ್ತದೆಂದು ಯಾರು ಬಲ್ಲರು? ಸರ್ಕಾರದ ಯೋಜನೆ ಐದು ವರ್ಷದ್ದು, ಸೂರ್ಯ ನಿತ್ಯದವನು ಎನ್ನುತ್ತಾರೆ. ಮಾತು ಸತ್ಯವೇ. ಆದರೆ ಅದೇ ನ್ಯಾಯವನ್ನು ಮಾರಾಟದ ದರಕ್ಕೂ ಅನ್ವಯಿಸಬೇಕಲ್ಲ? 2013ರ ಅಕ್ಟೋಬರಿನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಛಾವಣಿಯ ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ ₹9.56 ಗೊತ್ತುಮಾಡಿತ್ತು. 2016ರ ಮೇ ತಿಂಗಳಲ್ಲಿ ಹೊಸಬರಿಗೆ ಅದು ಇಳಿಯಿತು. ಈಗ ಸಹಾಯಧನ ಪಡೆದ ಮನೆಗೆ ಸಿಗುವುದು ಆ ಮೊದಲ ದರದ ಮೂರನೇ ಒಂದು ಪಾಲಿನ ಆಸುಪಾಸು. ಫಲಕದ ಬೆಲೆಯೇ ಕುಸಿದದ್ದರಿಂದ ದರ ಇಳಿದದ್ದರಲ್ಲಿ ಅನ್ಯಾಯವೇನಿಲ್ಲ. ಆಗ ಒಪ್ಪಂದ ಮಾಡಿಕೊಂಡವರಿಗೆ ಆಗಿನ ದರವೇ 25 ವರ್ಷಕ್ಕೆ. ಹೊಸಬರು ಕಲಿಯಬೇಕಾದದ್ದು ಬೇರೆ. ವಿದ್ಯುತ್ ಮಾರಿ ಬದುಕುವ ಆಸೆಯಲ್ಲಿ ಮಾಳಿಗೆ ತುಂಬ ಫಲಕ ಹಾಸಬಾರದು. ತನ್ನ ಮನೆಯ ಬಳಕೆಗೆ ತಕ್ಕಷ್ಟು ಹಾಕಿಸಿದವನಿಗೆ ಮಾರುವ ದರ ಎಷ್ಟು ಇಳಿದರೂ ನಷ್ಟವಿಲ್ಲ. ಅವನು ಉಳಿಸುವುದು ತಾನು ಕೊಳ್ಳುವ ದರವನ್ನು, ಮತ್ತು ಕೊಳ್ಳುವ ದರ ವರ್ಷಗಳು ಕಳೆದಂತೆ ಏರುವ ಸಂಭವವೇ ಹೆಚ್ಚು.

ಹಾಗಾದರೆ ಯಾರು ಹಾಕಿಸಬೇಕು? ತಿಂಗಳ ಬಳಕೆ 200 ಯೂನಿಟ್ ದಾಟಿ, ಪೂರ್ತಿ ಬಿಲ್ಲು ತಾವೇ ಕಟ್ಟುತ್ತಿರುವವರು. ಕೂಡು ಕುಟುಂಬದ ದೊಡ್ಡ ಮನೆಗಳು, ಎಸಿ, ಗೀಸರು, ಬೋರ್‌ವೆಲ್ ಮೋಟರು ಒಂದೇ ಮೀಟರಿನಲ್ಲಿ ಇರುವವರು, ವಿದ್ಯುತ್ ಸ್ಕೂಟರು ಕೊಂಡವರು. ಇಂಡಕ್ಷನ್ ಒಲೆ ಹಚ್ಚಿ ಸಿಲಿಂಡರಿನ ಖರ್ಚು ತಗ್ಗಿಸುವ ಯೋಚನೆ ಇರುವವರೂ ಈ ಸಾಲಿಗೆ ಬರುತ್ತಾರೆ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿಗಳ ಕೆಲಸ ಹಗಲಿನದೇ ಆದರೂ ಅವುಗಳ ದರದ ವರ್ಗ ಬೇರೆ. ಮನೆಗಳಿಗೆ ಸಿಗುವ ಸಹಾಯಧನವೂ ಅವಕ್ಕಿಲ್ಲ. ಅವರು ತಮ್ಮ ಬಿಲ್ಲು ಮುಂದಿಟ್ಟುಕೊಂಡು ಬೇರೆಯೇ ಲೆಕ್ಕ ಹಾಕಬೇಕು. ಪಂಚಾಯಿತಿ ಕಟ್ಟಡ, ಶಾಲೆ, ಆರೋಗ್ಯ ಕೇಂದ್ರಗಳ ಮಾತು ಇನ್ನೊಂದು. ಅಲ್ಲಿ ಬಳಕೆ ಹಗಲಿನದು, ಛಾವಣಿ ಸ್ಲ್ಯಾಬಿನದು, ಬಿಲ್ಲು ಊರಿನ ದುಡ್ಡಿನದು. ಊರಿನಲ್ಲಿ ಸೌರ ವಿದ್ಯುತ್ ಎಲ್ಲಿಂದ ಶುರುವಾಗಬೇಕು ಎಂದು ಕೇಳಿದರೆ ಈ ಕಟ್ಟಡಗಳನ್ನೇ ಮೊದಲು ತೋರಿಸಬೇಕು.

ಜನ ಅತ್ಯಂತ ಹೆಚ್ಚು ಮೋಸಹೋಗುವ ನಂಬಿಕೆ ಇನ್ನೊಂದಿದೆ: ಸೋಲಾರ್ ಹಾಕಿಸಿದರೆ ಕರೆಂಟು ಹೋದಾಗಲೂ ಮನೆಯಲ್ಲಿ ದೀಪ ಇರುತ್ತದೆ ಎಂಬುದು. ಸಹಾಯಧನದ ಯೋಜನೆಯಲ್ಲಿ ಸಾಮಾನ್ಯವಾಗಿ ಕೂರಿಸುವುದು ಗ್ರಿಡ್ಡಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಘಟಕ. ಅದು ಹಗಲು ಹುಟ್ಟಿಸಿದ್ದರಲ್ಲಿ ಮನೆಗೆ ಬೇಕಾದಷ್ಟು ಕೊಟ್ಟು ಮಿಕ್ಕದ್ದನ್ನು ತಂತಿಗೆ ಬಿಡುತ್ತದೆ. ರಾತ್ರಿ ತಂತಿಯಿಂದ ಪಡೆಯುತ್ತೇವೆ. ಎರಡೂ ದಿಕ್ಕು ಅಳೆಯುವ ನೆಟ್ ಮೀಟರು ಕೊಟ್ಟದ್ದು, ತೆಗೆದದ್ದು ಎರಡನ್ನೂ ಬರೆದಿಡುತ್ತದೆ. ನಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವಿನ ಹಾಗೆ ಗ್ರಿಡ್ಡು ಎನ್ನಬಹುದು. ಸುಗ್ಗಿಯಲ್ಲಿ ತುಂಬಿ, ಬೇಕಾದಾಗ ತೆಗೆಯುವುದು. ಆದರೆ ಹಗೇವಿನ ಬಾಯಿ ಮುಚ್ಚಿದಾಗ ತುಂಬಲೂ ಬರುವುದಿಲ್ಲ, ತೆಗೆಯಲೂ ಬರುವುದಿಲ್ಲ. ಲೈನು ಹೋದ ಕ್ಷಣ, ಫಲಕದ ವಿದ್ಯುತ್ತನ್ನು ಮನೆಯ ಬಳಕೆಗೆ ಮಾರ್ಪಡಿಸುವ ಇನ್ವರ್ಟರು ತಾನೇ ನಿಲ್ಲುತ್ತದೆ. ಇದು ದೋಷವಲ್ಲ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಕಾಯಲೆಂದೇ ಮಾಡಿದ ವ್ಯವಸ್ಥೆ. ಮಟಮಟ ಮಧ್ಯಾಹ್ನ ಮಾಳಿಗೆಯ ಮೇಲೆ ಆರು ಫಲಕ ಹೊಳೆಯುತ್ತಿರುತ್ತವೆ, ಕೆಳಗೆ ಫ್ಯಾನು ನಿಂತಿರುತ್ತದೆ. ಇದನ್ನು ಮೊದಲೇ ಅರಿಯದವರಿಗೆ ಆ ದಿನ ಎದೆ ಒಡೆಯುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಹಗಲು ಎರಡು ತಾಸು ಲೈನು ಇಲ್ಲದಿದ್ದರೆ ಆ ಎರಡು ತಾಸಿನ ಉತ್ಪಾದನೆ ಪೂರ್ತಿ ನಷ್ಟ. ವೋಲ್ಟೇಜು ಮಿತಿ ಮೀರಿ ಏರಿದರೂ ಇಳಿದರೂ ಇನ್ವರ್ಟರು ಸ್ವಲ್ಪ ಹೊತ್ತು ಕಳಚಿಕೊಂಡು ಕಾಯುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರದ ಕೊನೆಯ ಮನೆಗಳಿಗೆ ಈ ತೊಂದರೆ ಹೆಚ್ಚು. ಆದ್ದರಿಂದ ಹಗಲು ಕರೆಂಟು ಎಷ್ಟು ಹೊತ್ತು ಹೋಗುತ್ತದೆ ಎಂದು ಒಂದು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳುವುದು ಬುದ್ಧಿವಂತಿಕೆ. ಕತ್ತಲೆಯ ಭಯವೇ ಮುಖ್ಯವಾದರೆ ಬ್ಯಾಟರಿ ಇರುವ ಹೈಬ್ರಿಡ್ ಘಟಕ ಬೇಕು. ಬ್ಯಾಟರಿಗೆ ಈ ಯೋಜನೆಯ ಸಹಾಯಧನ ಇಲ್ಲ, ಮತ್ತು ಇಡೀ ವ್ಯವಸ್ಥೆಯಲ್ಲಿ ಮೊದಲು ಸಾಯುವ ಭಾಗವೇ ಅದು. ಹಳ್ಳಿಗಳಲ್ಲಿ ಸೌರ ಬೀದಿದೀಪಗಳು ಆರಿಹೋಗಿ ಬರಿ ಕಂಬ ಉಳಿದದ್ದನ್ನು ಕಂಡವರು 'ಸೋಲಾರ್ ಬಾಳಿಕೆ ಬರೋದಿಲ್ಲ' ಎನ್ನುತ್ತಾರೆ. ಅಲ್ಲಿ ಹೆಚ್ಚಾಗಿ ಕೈಕೊಟ್ಟದ್ದು ಬ್ಯಾಟರಿ, ಫಲಕ ಅಲ್ಲ. ಬ್ಯಾಟರಿ ಇಲ್ಲದ ಘಟಕದ ಮೇಲೆ ಆ ಆಪಾದನೆ ನಿಲ್ಲುವುದಿಲ್ಲ.

ಇನ್ನು ಮಾಳಿಗೆ. ಈ ಸೀಮೆಯ ಹಳೆಯ ಮನೆಗಳದು ತೊಲೆ, ಜಂತಿಯ ಮೇಲೆ ಮಣ್ಣು ಹಾಕಿದ ಮಾಳಿಗೆ. ಬೇಸಿಗೆಯಲ್ಲಿ ತಂಪು, ಮಳೆಗಾಲಕ್ಕೆ ಮುಂಚೆ ವರ್ಷ ವರ್ಷವೂ ಮಣ್ಣು ಹಾಕಿ ಹದ ಮಾಡಬೇಕಾದದ್ದು. ಅಂಥ ಮಾಳಿಗೆಗೆ ಬೋಲ್ಟು ಕಚ್ಚುವುದಿಲ್ಲ, ಕಾಂಕ್ರೀಟು ಗಟ್ಟಿಯ ಭಾರ ಹೊರಿಸುವುದು ಅಪಾಯ, ಮೇಲೆ ಫಲಕ ಮುಚ್ಚಿದರೆ ಮಣ್ಣು ಹಾಕುವ ಕೆಲಸವೇ ನಿಲ್ಲುತ್ತದೆ. ಹಾಕಿಸಲೇಬೇಕೆಂದರೆ ಮನೆಯ ಪಕ್ಕದಲ್ಲಿ, ಹಿತ್ತಲಲ್ಲಿ, ನೆಲದಿಂದಲೇ ಕಂಬ ಎಬ್ಬಿಸಬೇಕು. ಎರೆಮಣ್ಣಿನಲ್ಲಿ ಆ ಕಂಬದ ಬುನಾದಿ ಆಳಕ್ಕೆ ಇಳಿಯಬೇಕು. ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ನೆಲ ಅದು, ಮೇಲುಮೇಲಿನ ಬುನಾದಿಯನ್ನು ಅಲುಗಿಸಿಬಿಡುತ್ತದೆ. ತಗಡಿನ ಶೆಡ್ಡಿಗೆ ಫಲಕ ಜೋಡಿಸಬಹುದು, ಆದರೆ ಭಾರ ತಗಡಿನ ಮೇಲಲ್ಲ, ಕೆಳಗಿನ ಕಬ್ಬಿಣದ ಪಟ್ಟಿಗಳ ಮೇಲೆ ಬೀಳಬೇಕು. ಆರ್‌ಸಿಸಿ ಸ್ಲ್ಯಾಬು ಇದ್ದವರಿಗೆ ಕೆಲಸ ಸುಲಭ. ಕಿಲೋವ್ಯಾಟಿಗೆ ಸುಮಾರು ನೂರು ಚದರ ಅಡಿ ನೆರಳಿಲ್ಲದ ಜಾಗ ಸಾಕು. ಸ್ಲ್ಯಾಬು ಸೋರುತ್ತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಬೇಕು. ಫಲಕ ಕೂತ ಮೇಲೆ ಅದರ ಅಡಿಯ ಬಿರುಕಿಗೆ ಕೈ ಹಾಕುವುದು ದುಬಾರಿ.

ಭಾರದ ಬಗ್ಗೆ ಅನೇಕರಿಗೆ ಹೆದರಿಕೆ ಇದೆ. ಇಂದಿನ 540 ವ್ಯಾಟಿನ ಒಂದು ಫಲಕ ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ, ಸುಮಾರು 28 ಕಿಲೊ ತೂಕ. ಆರು ಫಲಕ, ಅದರ ಚೌಕಟ್ಟು ಎಲ್ಲ ಸೇರಿದರೂ ಚದರ ಮೀಟರಿಗೆ 15ರಿಂದ 20 ಕಿಲೊ ದಾಟುವುದಿಲ್ಲ. ಗಟ್ಟಿ ಸ್ಲ್ಯಾಬಿಗೆ ಇದು ಹೊರೆಯೇ ಅಲ್ಲ. ಹೆದರಬೇಕಾದದ್ದು ಮೇಲಿಂದ ಕೆಳಕ್ಕೆ ಒತ್ತುವ ಭಾರಕ್ಕಲ್ಲ, ಕೆಳಗಿಂದ ಮೇಲಕ್ಕೆ ಎತ್ತುವ ಗಾಳಿಗೆ. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಸುಮ್ಮನೆ ಬಂದು ನಿಂತಿಲ್ಲ. ಈ ಜಿಲ್ಲೆಯ ಗಾಳಿಗೆ ಬಲವಿದೆ ಎಂದೇ ಕಂಪನಿಗಳು ಇಲ್ಲಿಗೆ ಬಂದವು. ಆ ಬಲ ಊರಿನ ಮಾಳಿಗೆಗೂ ತಾಗುತ್ತದೆ. ಮುಂಗಾರಿಗೆ ಮುಂಚಿನ ಬಿರುಗಾಳಿ ಮಳೆಯಲ್ಲಿ ತಗಡುಗಳು ಹಾರಿ ಹೊಲ ಸೇರುವ ಸೀಮೆಯಲ್ಲಿ ಫಲಕ ಒಂದು ದೊಡ್ಡ ತಗಡೇ. ಮೆಣಸಿನಕಾಯಿ ಒಣಗಿಸಲು ಜಾಗ ಉಳಿಯಲಿ ಎಂದು ಏಳೆಂಟು ಅಡಿ ಎತ್ತರಕ್ಕೆ ಚೌಕಟ್ಟು ಎಬ್ಬಿಸುವುದು ಈಗ ರೂಢಿ. ಒಳ್ಳೆಯ ಯೋಚನೆ, ಮನೆಗೆ ನೆರಳೂ ಆಗುತ್ತದೆ. ಆದರೆ ಎತ್ತರ ಏರಿದಷ್ಟೂ ಗಾಳಿಯ ಹಿಡಿತ ಹೆಚ್ಚು, ಕಬ್ಬಿಣ ಹೆಚ್ಚು, ಖರ್ಚು ಹೆಚ್ಚು. ಮಾರುವವರು ವ್ಯಾಟಿಗೆ ಇಷ್ಟು ಎಂದು ದರ ಹೇಳುವಾಗ ಉಳಿಸುವುದು ಸಾಮಾನ್ಯವಾಗಿ ಈ ಕಬ್ಬಿಣದಲ್ಲೇ. ಫಲಕದ ಕಂಪನಿ ಯಾವುದು ಎಂದು ಹತ್ತು ಸಲ ಕೇಳುವ ನಾವು ಚೌಕಟ್ಟಿನ ದಪ್ಪ ಎಷ್ಟು, ಜಿಂಕು ಲೇಪ ಸರಿಯಾಗಿದೆಯೇ, ಬೋಲ್ಟು ಎಷ್ಟು ಆಳ ಇಳಿಯುತ್ತದೆ ಎಂದು ಒಮ್ಮೆಯೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ.

ನೆರಳಿನ ವಿಚಾರ ಇನ್ನೂ ಸೂಕ್ಷ್ಮ. ಫಲಕಗಳನ್ನು ಒಂದಕ್ಕೊಂದು ಸರಪಳಿಯಂತೆ ಜೋಡಿಸಿರುತ್ತಾರೆ. ಒಂದರ ಮೂಲೆಯ ಮೇಲೆ ನೆರಳು ಬಿದ್ದರೂ ನಷ್ಟ ಆ ಮೂಲೆಯಷ್ಟಕ್ಕೇ ನಿಲ್ಲದೆ ಹಲವು ಪಟ್ಟಾಗಬಹುದು. ಗದಗ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅದಕ್ಕೇ ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಆಸುಪಾಸು ಓರೆ ಕೂರಿಸುವುದು. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ, ನೆರಳು ಗಿಡ್ಡ. ಡಿಸೆಂಬರ್ ಕೊನೆಗೆ ಅವನು ದಕ್ಷಿಣಕ್ಕೆ ಬಹಳ ವಾಲುತ್ತಾನೆ. ಆಗ ಐದಡಿ ಎತ್ತರದ ನೀರಿನ ಟ್ಯಾಂಕು ಮಧ್ಯಾಹ್ನ ಹನ್ನೆರಡಕ್ಕೂ ಉತ್ತರದ ಕಡೆ ನಾಲ್ಕಡಿ ನೆರಳು ಚೆಲ್ಲುತ್ತದೆ, ಬೆಳಗಿನ ಒಂಬತ್ತಕ್ಕೆ ಇನ್ನೂ ಉದ್ದ. ಬೇಸಿಗೆಯಲ್ಲಿ ಬಂದು ಮಾಳಿಗೆ ನೋಡಿ 'ನೆರಳೇ ಇಲ್ಲ' ಎನ್ನುವವರ ಮಾತು ಚಳಿಗಾಲಕ್ಕೆ ಸುಳ್ಳಾಗುವುದು ಹೀಗೆ. ಪಕ್ಕದವರು ಮುಂದೆ ಮೇಲ್ಮಹಡಿ ಕಟ್ಟುವ ಸಾಧ್ಯತೆಯನ್ನೂ, ಅಂಗಳದ ಬೇವಿನ ಗಿಡ ಹತ್ತು ವರ್ಷದಲ್ಲಿ ಎಷ್ಟು ಬೆಳೆಯುತ್ತದೆ ಎಂಬುದನ್ನೂ ಎಣಿಸಬೇಕು. ಬೇವನ್ನು ಕಡಿದು ಫಲಕ ಹಾಕಿಸುವುದಂತೂ ಬೇಡ. ಆ ಗಿಡ ಮನೆಗೆ ಕೊಡುವ ತಂಪನ್ನು ಯಾವ ಫ್ಯಾನೂ ಕೊಡಲಾರದು. ಜಾಗವನ್ನೇ ಬದಲಿಸಬೇಕು.

ಎಲ್ಲ ಸರಿಯಾಗಿದ್ದೂ ಹಳ್ಳಿಯಲ್ಲಿ ಅರ್ಜಿ ನಿಲ್ಲುವುದು ಕಾಗದದ ಮೇಲೆ. ಅರ್ಜಿಗೆ ಆಧಾರ ಮೀಟರಿನ ಆರ್‌.ಆರ್‌. ನಂಬರು. ಆ ನಂಬರು ಅನೇಕ ಮನೆಗಳಲ್ಲಿ ತೀರಿಹೋದ ಅಜ್ಜನ ಹೆಸರಿನಲ್ಲಿ ಇರುತ್ತದೆ. ಬ್ಯಾಂಕ್ ಖಾತೆ ಮೊಮ್ಮಗನದು, ಮನೆ ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಿ ಹಂಚಿಹೋದದ್ದು. ಹೆಸರು ಹೊಂದದಿದ್ದರೆ ಸಹಾಯಧನ ಬರುವುದಿಲ್ಲ, ಬ್ಯಾಂಕು ಸಾಲ ಕೊಡಲು ತಡೆಯುತ್ತದೆ. ಮೊದಲು ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ ಸರಿಪಡಿಸಿಕೊಂಡು, ಆಮೇಲೆ ಹೆಸ್ಕಾಂ ಶಾಖಾ ಕಚೇರಿಯಲ್ಲಿ ಮೀಟರಿನ ಹೆಸರು ಬದಲಿಸಬೇಕು. ಮಾಳಿಗೆ ಯಾರ ಪಾಲಿನದು ಎಂಬುದೂ ಬರಹದಲ್ಲಿ ಇರಲಿ. 25 ವರ್ಷದ ಆಸ್ತಿ ಕೂತ ಮೇಲೆ ಜಗಳ ಎದ್ದರೆ ಬಿಡಿಸುವುದು ಕಷ್ಟ. ಇಷ್ಟಾದರೆ ಮುಂದಿನ ದಾರಿ ಸಲೀಸು. 2024ರ ಫೆಬ್ರುವರಿಯಲ್ಲಿ ತಿದ್ದಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ ಹತ್ತು ಕಿಲೋವ್ಯಾಟ್‌ವರೆಗಿನ ಘಟಕಕ್ಕೆ ತಾಂತ್ರಿಕ ಕಾರ್ಯಸಾಧ್ಯತೆಯ ಪರಿಶೀಲನೆ ಬೇಕಿಲ್ಲ. ಐದು ಕಿಲೋವ್ಯಾಟ್‌ವರೆಗೆ ಲೈನು, ಟ್ರಾನ್ಸ್‌ಫಾರ್ಮರು ಬಲಪಡಿಸಬೇಕಾಗಿ ಬಂದರೆ ಆ ಖರ್ಚು ವಿದ್ಯುತ್ ಕಂಪನಿಯದೇ. ಯಾರಾದರೂ ಅದಕ್ಕೆ ದುಡ್ಡು ಕೇಳಿದರೆ ಈ ನಿಯಮ ತೋರಿಸುವ ಹಕ್ಕು ಗ್ರಾಹಕರಿಗಿದೆ.

ಕೂರಿಸುವ ದಿನಗಳಲ್ಲಿ ಮನೆಯವರು ಮನೆಯಲ್ಲೇ ಇರಬೇಕು. ಮೊದಲ ದಿನ ಚೌಕಟ್ಟು, ಎರಡನೇ ದಿನ ಫಲಕ, ತಂತಿ, ಇನ್ವರ್ಟರು. ಕಾಂಕ್ರೀಟು ಗಟ್ಟಿ ಹಾಕಿದ್ದರೆ ಅದಕ್ಕೆ ನೀರುಣಿಸಿ ಕಾಯುವ ದಿನಗಳು ಬೇರೆ. ಕೆಲಸಗಾರರು ಫಲಕದ ಮೇಲೆ ಕಾಲಿಡುತ್ತಿದ್ದರೆ ತಡೆಯಬೇಕು. ಮೇಲೆ ಗಾಜು ಒಡೆಯದಿದ್ದರೂ ಒಳಗೆ ಕೂದಲೆಳೆಯ ಬಿರುಕು ಬೀಳುತ್ತದೆ, ಅದು ಕಾಣುವುದು ವರ್ಷಗಳ ಮೇಲೆ, ಯೂನಿಟ್ ಇಳಿದಾಗ. ಇನ್ವರ್ಟರನ್ನು ಬಿಸಿಲು ಬಡಿಯುವ ಪಡುವಣ ಗೋಡೆಗೆ ಹಚ್ಚಬಾರದು, ನೆರಳಿನ, ಗಾಳಿಯಾಡುವ ಗೋಡೆ ಬೇಕು. ಅರ್ಥಿಂಗ್ ಗುಂಡಿಗಳು ಮೂರು: ಫಲಕದ ಬದಿಗೆ ಒಂದು, ಮನೆಯ ಬದಿಗೆ ಒಂದು, ಸಿಡಿಲು ತಡೆಗೆ ಪ್ರತ್ಯೇಕ ಒಂದು. ಮೂರೂ ನಿಜವಾಗಿ ತೋಡಿದ್ದಾರೆಯೇ ಎಂದು ಕಣ್ಣಾರೆ ನೋಡಬೇಕು. ಮುಂಗಾರು ಪೂರ್ವದ ಸಿಡಿಲಿಗೆ ಬಯಲಿನ ಮನೆ ಬಯಲಾಗಿಯೇ ನಿಂತಿರುತ್ತದೆ. ಸಹಾಯಧನಕ್ಕೆ ದೇಶದಲ್ಲೇ ತಯಾರಾದ ಕೋಶಗಳ ಫಲಕ ಕಡ್ಡಾಯ. ಪ್ರತಿ ಫಲಕದ ಸೀರಿಯಲ್ ನಂಬರನ್ನು ಫೋಟೊ ತೆಗೆದಿಟ್ಟುಕೊಳ್ಳಬೇಕು. ಫಲಕಕ್ಕೆ 25 ವರ್ಷದ ಭರವಸೆ ಇದ್ದರೂ ಇನ್ವರ್ಟರಿಗೆ ಇರುವುದು ಐದರಿಂದ ಹತ್ತು ವರ್ಷ. ನಡುವೆ ಒಮ್ಮೆಯಾದರೂ ಅದನ್ನು ಬದಲಿಸುವ ಖರ್ಚು ಬಂದೇ ಬರುತ್ತದೆ ಎಂದು ಈಗಲೇ ಲೆಕ್ಕದಲ್ಲಿ ಸೇರಿಸಬೇಕು.

ನಿರ್ವಹಣೆ ಏನೂ ಇಲ್ಲ ಎನ್ನುವುದು ಅರ್ಧ ಸತ್ಯ. ತಿರುಗುವ ಭಾಗ ಇಲ್ಲ, ಎಣ್ಣೆ ಬೇಕಿಲ್ಲ, ನಿಜ. ಆದರೆ ನಮ್ಮಲ್ಲಿ ಧೂಳು ಇದೆ. ರಾಶಿಯ ದಿನಗಳಲ್ಲಿ ಕಣದಿಂದ ಏಳುವ ಹೊಟ್ಟು, ಎರೆಹೊಲದ ಹುಡಿ ಗಾಜಿನ ಮೇಲೆ ಪದರುಗಟ್ಟುತ್ತದೆ. ಒಣ ತಿಂಗಳುಗಳಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು, ಅದೂ ನಸುಕಿನಲ್ಲೋ ಸಂಜೆಯಲ್ಲೋ. ಕಾದ ಗಾಜಿಗೆ ತಣ್ಣೀರು ಎರಚಬಾರದು. ನೀರಿನದು ಇನ್ನೊಂದು ತೊಡಕು. ಈ ಜಿಲ್ಲೆಯ ಅನೇಕ ಬೋರ್‌ವೆಲ್‌ಗಳ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಕಟ್ಟುವ ಆ ನೀರು ಗಾಜಿನ ಮೇಲೂ ಉಪ್ಪಿನ ಕಲೆ ಬಿಡುತ್ತದೆ, ಕಲೆ ನಿಂತರೆ ಧೂಳಿಗಿಂತ ಕೇಡು. ತೊಳೆದ ಕೂಡಲೇ ಮೆತ್ತನೆ ಬಟ್ಟೆಯಿಂದ ಒರೆಸಬೇಕು, ಮಳೆನೀರು ಹಿಡಿದಿಟ್ಟಿದ್ದರೆ ಅದೇ ಉತ್ತಮ. ಇನ್ವರ್ಟರಿನ ಪರದೆಯ ಮೇಲೆ ದಿನದ ಯೂನಿಟ್ ಕಾಣುತ್ತದೆ. ವಾರಕ್ಕೊಮ್ಮೆ ಅದನ್ನು ಬರೆದಿಡುವ ಮನೆಗೆ ದೋಷ ಹುಟ್ಟಿದ ವಾರವೇ ತಿಳಿಯುತ್ತದೆ, ಬರೆಯದ ಮನೆಗೆ ಆರು ತಿಂಗಳ ಬಿಲ್ಲು ಬಂದ ಮೇಲೆ.

ದೋಷ ತಿಳಿದ ಮೇಲೆ ಯಾರು ಬರುತ್ತಾರೆ? ಸಹಾಯಧನದ ಘಟಕಕ್ಕೆ ಐದು ವರ್ಷದ ನಿರ್ವಹಣೆ ಕೂರಿಸಿದವರದೇ ಹೊಣೆ. ಆದರೆ ಅವರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇದ್ದು, ಊರಲ್ಲಿ ಅವರದು ಒಂದೇ ಮನೆ ಇದ್ದರೆ ಆ ಹೊಣೆ ಕಾಗದದಲ್ಲೇ ಉಳಿಯುತ್ತದೆ. ಕರ್ನಾಟಕದ ಹಳ್ಳಿಗಳಿಗೆ ಸೌರ ದೀಪ ತಲುಪಿಸಿದ ಸೆಲ್ಕೊ ಸಂಸ್ಥೆ 1995ರಿಂದ ಬೆಳೆದದ್ದು ಎರಡು ಸಂಗತಿಗಳಿಂದ: ಬ್ಯಾಂಕಿನಿಂದ ಬಡವರಿಗೆ ಒಗ್ಗುವ ಕಂತಿನ ಸಾಲ ಕೊಡಿಸಿದ್ದು, ಮತ್ತು ರಿಪೇರಿಗೆ ಮನೆ ಬಾಗಿಲಿಗೆ ಆಳು ಕಳಿಸಿದ್ದು. ಅದನ್ನು ಕಟ್ಟಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಛಾವಣಿಯ ಘಟಕಗಳಿಗೂ ಅದೇ ನೀತಿ ಬೇಕು. ಒಬ್ಬೊಬ್ಬರೇ ಹೋಗಿ ಕೊಂಡರೆ ಅದು ಸಿಗುವುದಿಲ್ಲ, ಹತ್ತು ಹದಿನೈದು ಮನೆಗಳು ಕೂಡಿ ಒಬ್ಬರಿಗೇ ಕೆಲಸ ವಹಿಸಿದರೆ ಸಿಗುತ್ತದೆ. ದರವೂ ಇಳಿಯುತ್ತದೆ, ಊರಿನ ಒಬ್ಬ ಐಟಿಐ ಓದಿದ ಹುಡುಗನಿಗೆ ತರಬೇತಿ ಕೊಟ್ಟು ನಿಲ್ಲಿಸಿ ಎಂದು ಷರತ್ತು ಹಾಕಲೂ ಬಲ ಬರುತ್ತದೆ. ಹೀಗೆ ಕೂಡಿ ಮಾಡುವುದು ಈ ನೆಲಕ್ಕೆ ಹೊಸತಲ್ಲ. ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು, ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದು ಒಂದು. ರೈತರು ಒಬ್ಬೊಬ್ಬರೇ ಸಾಹುಕಾರನ ಮುಂದೆ ನಿಂತಾಗ ಸಿಗದ ನ್ಯಾಯ ಕೂಡಿ ನಿಂತಾಗ ಸಿಕ್ಕಿತು. ಇಂದಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಈ ಕೆಲಸ ಎತ್ತಿಕೊಳ್ಳಬಹುದು. ಗ್ರಾಮ ಪಂಚಾಯಿತಿಗೂ ಇದರಲ್ಲಿ ಪಾಲಿದೆ: ತನ್ನ ವ್ಯಾಪ್ತಿಯಲ್ಲಿ ಕೂತ ಪ್ರತಿ ಮನೆಯ ಘಟಕಕ್ಕೆ ಕೇಂದ್ರದಿಂದ ₹1,000 ಪ್ರೋತ್ಸಾಹಧನ ಇದೆ.

ಪಂಚಾಯಿತಿಯವರು ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಲಿ. 200 ಯೂನಿಟ್ ಮೀರಿ ಬಳಸುವ ಮನೆಗಳು ಊರಲ್ಲಿ ಎಷ್ಟಿವೆ, ಸ್ಲ್ಯಾಬು ಇರುವ ಸಾರ್ವಜನಿಕ ಕಟ್ಟಡಗಳು ಎಷ್ಟಿವೆ ಎಂದು ಪಟ್ಟಿ ಮಾಡಲಿ. ಆ ಪಟ್ಟಿ ಮಾಡಲು ದುಡ್ಡು ಬೇಕಿಲ್ಲ. ಮನೆಯವರು ಕೈಯಲ್ಲಿ ಹಿಡಿಯಬೇಕಾದದ್ದು ಮೂರು: ಹಿಂದಿನ ಹನ್ನೆರಡು ತಿಂಗಳ ಕರೆಂಟ್ ಬಿಲ್ಲು, ತಮ್ಮದೇ ಹೆಸರಿನಲ್ಲಿರುವ ಮನೆಯ ಉತಾರ ಮತ್ತು ಮೀಟರಿನ ದಾಖಲೆ, ಹಾಗೂ ಚಳಿಗಾಲದ ಒಂದು ದಿನ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮಾಳಿಗೆಯ ಮೇಲೆ ನೆರಳು ಎಲ್ಲೆಲ್ಲಿ ಬಿತ್ತು ಎಂದು ಸುಣ್ಣದಲ್ಲಿ ಗೆರೆ ಎಳೆದ ಗುರುತು. ಈ ಮೂರು ಇಲ್ಲದೆ ಯಾರಿಗೂ ಮುಂಗಡ ಕೊಡಬೇಡಿ.